ಸ್ಫಟಿಕದ ಸರ ಅಸಲಿಯೇ? ಮನೆಯಲ್ಲೇ ಪರೀಕ್ಷಿಸಿ

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮಣಿಸರದ ಅಂಗಡಿಯ ಮುಂದೆ ನಿಂತರೆ, ‘ಸ್ಫಟಿಕ ಹಾಕಿಕೊಳ್ಳಿ, ಮೈ ತಂಪಾಗುತ್ತದೆ’ ಎನ್ನುತ್ತಾರೆ. ನನ್ನ ಅಜ್ಜಿಯೂ ಹಾಗೇ ನಂಬಿದ್ದರು. ನನಗೆ ಜ್ವರ ಬಂದರೆ ಕೊರಳಿನ ಸರ ತೆಗೆದು ತಾಮ್ರದ ತಟ್ಟೆಯಲ್ಲಿ ಆರಲು ಬಿಟ್ಟು, ಹಣೆಯ ಮೇಲಿಡುತ್ತಿದ್ದರು. ಬಾವಿನೀರಿನ ಹನಿಗಳಂತೆ ತಣ್ಣಗಿರುತ್ತಿದ್ದವು ಆ ಮಣಿಗಳು.

ನಮ್ಮ ಗುಡ್ಡದ ಬೆಣಚುಕಲ್ಲೂ ಸ್ಫಟಿಕವೂ ಒಂದೇ ಕುಲ. ಎರಡೂ ಸಿಲಿಕಾನ್ ಡೈಆಕ್ಸೈಡ್. ನೆಲದಾಳದ ಬಿಸಿನೀರು ಸಿಲಿಕಾವನ್ನು ಕರಗಿಸಿಕೊಂಡು ಬಂಡೆಯ ಬಿರುಕುಗಳಿಗೆ ನುಗ್ಗುತ್ತದೆ. ನೀರು ತಣಿದಂತೆ ಸಿಲಿಕಾ ಬಿರುಕಿನ ಗೋಡೆಗೆ ಕಟ್ಟಿಕೊಳ್ಳುತ್ತದೆ. ಒಳಗೆ ದ್ರವದ ಸಣ್ಣ ಕಣಗಳು ಸಿಕ್ಕಿಕೊಂಡರೆ ಹಾಲುಬಿಳಿ ಬೆಣಚು. ಪೊಳ್ಳು ಜಾಗದಲ್ಲಿ ನಿಧಾನವಾಗಿ ಬೆಳೆದರೆ ಆರು ಮುಖದ ತಿಳಿ ಹರಳು.

ಇನ್ನು ಪರೀಕ್ಷೆ. ಸರವನ್ನೂ ಅದೇ ಗಾತ್ರದ ಗಾಜಿನ ಮಣಿಗಳನ್ನೂ ಒಂದು ಗಂಟೆ ಒಟ್ಟಿಗೆ ನೆರಳಿನಲ್ಲಿಡಿ. ಒಂದಾದ ಮೇಲೊಂದು ಕೆನ್ನೆಗೆ ತಾಗಿಸಿ. ಸ್ಫಟಿಕ ಗಾಜಿಗಿಂತ ಹಲವು ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುವುದರಿಂದ ಹೆಚ್ಚು ತಣ್ಣಗೆನಿಸುತ್ತದೆ.

ನಂತರ ಭೂತಗನ್ನಡಿ ಹಿಡಿಯಿರಿ. ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಗಾಜು. ಮೋಡದೆಳೆಯಂಥ ಮಸುಕು ಕಂಡರೆ ಗಾಬರಿ ಬೇಡ, ನೆಲದಲ್ಲಿ ಬೆಳೆದ ಹರಳಿಗೆ ಅದು ಸಹಜ.

ಅನುಮಾನ ಉಳಿದರೆ ಬಿಡಿ ಮಣಿಯೊಂದರ ರಂಧ್ರದ ಅಂಚನ್ನು ಹಳೆಯ ಗಾಜಿನ ಚೂರಿಗೆ ಒತ್ತಿ ಎಳೆಯಿರಿ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕದ್ದು 7, ಸಾಮಾನ್ಯ ಗಾಜಿನದು ಸುಮಾರು 5.5, ಗೀರು ಸ್ಪಷ್ಟವಾಗಿ ಬೀಳಬೇಕು. ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವೂ ಈ ಮೂರನ್ನೂ ಗೆಲ್ಲುತ್ತದೆ, ಏಕೆಂದರೆ ಅದೂ ಸ್ಫಟಿಕವೇ.

ಜಪಕ್ಕೆ ಕುಳಿತವರಿಗೆ 108 ಮಣಿ ಎಣಿಸುವಾಗ ಮನಸ್ಸು ನಿಲ್ಲುತ್ತದೆ. ಅದು ಅವರ ಅನುಭವ, ನಾನು ವಾದಕ್ಕಿಳಿಯುವುದಿಲ್ಲ. ಆದರೆ ಕಲ್ಲಿನ ತಂಪು ಅದು ಮೈಬಿಸಿಗೆ ಸಮನಾಗುವವರೆಗೆ ಮಾತ್ರ. ಜ್ವರ ಅದರಿಂದ ಇಳಿಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಹೆಚ್ಚಾಗುವುದೂ ಈ ಜಾತ್ರೆಯಿಂದ ಮುಂದಿನ ತಿಂಗಳುಗಳಲ್ಲೇ. ಸೊಪ್ಪು, ದರಗು ತರಲು ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಶುರುವಾದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಸರ ಕೊರಳಲ್ಲೇ ಇರಲಿ, ಯಾರೂ ಬೇಡವೆನ್ನುವುದಿಲ್ಲ.

ತೊಳೆಯಲು ಉಗುರುಬೆಚ್ಚಗಿನ ಸಾಬೂನು ನೀರು ಸಾಕು. ಮಳೆಗಾಲದಲ್ಲಿ ದಾರಕ್ಕೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಹೊಸ ದಾರದಲ್ಲಿ, ಮಣಿಗೊಂದು ಗಂಟು ಹಾಕಿ ಪೋಣಿಸಿ.