ಊ, ಓ ಮತ್ತು ಅರವತ್ತು ನೋಟಿಸು

‘ಈಗ ಯಾರಯ್ಯ ಕೂತು ಪದಪದಕ್ಕೂ ಅರ್ಥ ಕೊಡೋ ಲೆಕ್ಸಿಕನ್ ಬರೀತಾರೆ? ದೊಡ್ಡ ಎಐ ಮಾಡೆಲ್‌ಗೆ ಕೊಟ್ಟು ಕೈ ತೊಳ್ಕೊ’ ಅಂತ ಜಯನಗರದ ಗೆಳೆಯರಿಬ್ಬರೂ ನಕ್ಕಿದ್ದರು. ಮೊದಲ ಎರಡು ತಿಂಗಳು ಅವರು ನಕ್ಕಿದ್ದೇ ಸರಿ ಅನ್ನಿಸಿತ್ತು.

ಕೆಲಸ ಇಷ್ಟೇ: ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ತರ್ಕದ ಸೂತ್ರವಾಗಿಸಿ, ಲೆಕ್ಕದ ಪುಸ್ತಕದ ಮೇಲೆ ಓಡಿಸುವುದು. ಒಂದು ದಿನ ಅವರು ‘ಎಲ್ಲರೂ ಮೆಂಟೆನೆನ್ಸ್ ಕಟ್ಟಿಲ್ಲ, ಕಟ್ಟದವರಿಗೆ ನೋಟಿಸ್ ಕಳಿಸು’ ಅಂದರು. ಅವರ ಮನಸ್ಸಿನಲ್ಲಿದ್ದದ್ದು ಕೆಲವರು ಕಟ್ಟಿಲ್ಲ ಅಂತ. ನನ್ನ ಪ್ರೋಗ್ರಾಮು ಒಬ್ಬರೂ ಕಟ್ಟಿಲ್ಲ ಅಂತ ತಿಳಿದು ಅರವತ್ತು ಚಿಲ್ಲರೆ ಮನೆಗೂ ನೋಟಿಸ್ ಕಳಿಸಿತು, ಕಾರ್ಯದರ್ಶಿ ಮನೆಗೂ ಸೇರಿಸಿ. ನನಗೆ ಬರಬೇಕಿದ್ದ ಸುಮಾರು 40,000 ಅಲ್ಲೇ ನಿಂತಿತು. ಸರ್ವರ್ ಬಾಡಿಗೆ ಮಾತ್ರ ತಿಂಗಳಿಗೆ ಎರಡು ಸಾವಿರದ ಹತ್ತಿರ ಹೋಗುತ್ತಲೇ ಇತ್ತು.

ಮಾತನ್ನು ತರ್ಕದ ಸೂತ್ರವಾಗಿಸುವ ಬಗ್ಗೆ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯೂ ಬರೆದ 1973ರ ಲೇಖನದಲ್ಲಿ ಇಂಗ್ಲಿಷಿನ ‘ಎವ್ರಿ’, ‘ಅ’, ‘ದ’ ನಾಮಪದದ ಮುಂದೆ ಬಿಡಿ ಪದಗಳಾಗಿ ನಿಲ್ಲುತ್ತವೆ. ನಮ್ಮಲ್ಲಿ ಆ ಕೆಲಸದ ಬಹುಪಾಲು ಪದದ ಬಾಲದಲ್ಲಿದೆ. ನಾನು ಅದನ್ನು ಮರೆತು ಯಾರೂ, ಯಾರಿಗೂ, ಯಾರೋ, ಇಬ್ಬರೂ, ಏನೂ ಎಲ್ಲಕ್ಕೂ ಬೇರೆ ಬೇರೆ ಅರ್ಥ ಬರೆದು ಕೂತೆ. ಪಟ್ಟಿ ನಾನೂರರ ಹತ್ತಿರ ಬಂದಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು.

ಕೊನೆಗೆ ಬಾಲ ಕತ್ತರಿಸಿದೆ. ‘ಯಾರು’ ಅಂದರೆ ಬರೀ ಜನರ ಗುಂಪು. ‘ಊ’ ಆ ಗುಂಪಿನವರನ್ನೆಲ್ಲ ‘ಮತ್ತು’ ಹಾಕಿ ಪೋಣಿಸುತ್ತದೆ, ‘ಓ’ ‘ಅಥವಾ’ ಹಾಕಿ. ‘ರಾಮನೂ ಭೀಮನೂ’ ಅನ್ನುವಲ್ಲಿರುವುದೂ ಅದೇ ಊ, ‘ಇಬ್ಬರೂ’ ಅನ್ನುವಲ್ಲೂ ಅದೇ. ಹೊಸ ಶೋಧವೇನಲ್ಲ, ಮಲಯಾಳದ ‘ಉಂ’, ಜಪಾನಿಯ ‘ಮೊ’ ಬಗ್ಗೆ ಹೀಗೆ ಬರೆದವರಿದ್ದಾರೆ. ಆದರೆ ನಾನೂರು ಐವತ್ತಕ್ಕೆ ಇಳಿದಾಗ ನಗುತ್ತಿದ್ದವರ ಬಾಯಿ ಮುಚ್ಚಿತು. ‘ಯಾರೂ ಬಂದರು’ ಅಂತ ಯಾರೂ ಹೇಳುವುದಿಲ್ಲವಲ್ಲ, ಅದನ್ನು ಪ್ರೋಗ್ರಾಮು ಹೇಗೆ ತಿರಸ್ಕರಿಸುತ್ತದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

‘ಎಲ್ಲರೂ … ಇಲ್ಲ’ ಮಾತ್ರ ಬಗ್ಗಲಿಲ್ಲ. ಇಲ್ಲ ಮೇಲೋ, ಎಲ್ಲರೂ ಮೇಲೋ? ‘ಇಲ್ಲ’ ಮೇಲಿದ್ದರೆ ಎಲ್ಲರೂ ಕಟ್ಟಿದ್ದಾರೆ ಅನ್ನುವುದು ಸುಳ್ಳು, ಅಂದರೆ ಕೆಲವರಾದರೂ ಕಟ್ಟಿಲ್ಲ; ‘ಎಲ್ಲರೂ’ ಮೇಲಿದ್ದರೆ ಒಬ್ಬರೂ ಕಟ್ಟಿಲ್ಲ. ಭಾಷಾವಿಜ್ಞಾನಿಗಳಾದ ಲಿಡ್ಜ್ ಮತ್ತು ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ‘ಎರಡು’ ಮತ್ತು ‘ಇಲ್ಲ’ ಕೂಡಿದ ವಾಕ್ಯ ಕನ್ನಡದ ದೊಡ್ಡವರಿಗೆ ಎರಡು ಅರ್ಥದಲ್ಲೂ ಒಪ್ಪಿಗೆಯಾಗಿತ್ತು. ನಾಲ್ಕು ವರ್ಷದ ಮಕ್ಕಳು ಹೆಚ್ಚಾಗಿ ‘ಇಲ್ಲ’ವನ್ನೇ ಮೇಲಿಟ್ಟಿದ್ದರು. ನಾನೂ ಟೀ ಅಂಗಡಿಯಲ್ಲಿ ಇಪ್ಪತ್ತೋ ಇಪ್ಪತ್ತೈದೋ ಜನರನ್ನು ಕೇಳಿದೆ (ನೋಡಿ, ಇಲ್ಲೂ ಓ). ಎರಡು ಗುಂಪಾಗಿ ಜಗಳಕ್ಕೆ ನಿಂತರು, ಟೀ ದುಡ್ಡು ನನ್ನ ತಲೆಗೆ ಬಂತು. ಹಾಗಾಗಿ ಈಗ ಪ್ರೋಗ್ರಾಮೇ ಮ್ಯಾನೇಜರನ್ನು ಕೇಳುತ್ತದೆ: ‘ಒಬ್ಬರೂ ಕಟ್ಟಿಲ್ಲವೋ, ಕೆಲವರು ಕಟ್ಟಿಲ್ಲವೋ?’

40,000ದಲ್ಲಿ 25,000 ಕೈ ಸೇರಿದೆ. ಮೊನ್ನೆ ಅವರು ‘ಬಿ ಬ್ಲಾಕಿನವರು ಮಾತ್ರ ಕಟ್ಟಿಲ್ಲ’ ಅಂತ ಟೈಪ್ ಮಾಡಿದರು. ಉಳಿದ ಬ್ಲಾಕಿನವರೆಲ್ಲ ಕಟ್ಟಿದ್ದಾರಾ ಅಂತ ಪ್ರೋಗ್ರಾಮು ನೋಡಲೇ ಇಲ್ಲ. ಈ ವಾರ ‘ಮಾತ್ರ’ದ ಹಿಂದೆ ಬಿದ್ದಿದ್ದೇನೆ.