ಜುಲೈ 31ರ ಸಂಜೆ ರಿಟರ್ನ್ ಸಲ್ಲಿಸುವವರಿಗೆ

ಆದಾಯ ತೆರಿಗೆ ರಿಟರ್ನ್‌ನ ಜುಲೈ 31ರ ಗಡುವು 2025ರಲ್ಲಿ ಸೆಪ್ಟೆಂಬರ್‌ವರೆಗೆ ಮುಂದೆ ಹೋಗಿದ್ದು ನಿಜವಾದರೂ, ಪ್ರತಿ ವರ್ಷವೂ ಹಾಗೆಯೇ ಆದೀತೆಂದು ಕಾದು ಕೂರುವುದು ಜಾಣತನವಲ್ಲ. ತಡವಾದರೆ 5,000 ರೂಪಾಯಿ (ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ 1,000 ರೂಪಾಯಿ) ಶುಲ್ಕ ಬೀಳುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ಸಂಬಳದಾರರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇದೆ: ಗಡುವು ಮೀರಿದ ರಿಟರ್ನ್‌ನಲ್ಲಿ ಹಳೆ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳಲು ಬರುವುದಿಲ್ಲವಾದ್ದರಿಂದ, ಅದರಲ್ಲಿ ಮಾತ್ರ ಸಿಗುವ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪೂರ್ತಿ ಕೈತಪ್ಪುತ್ತದೆ.

ಆಧಾರ್‌ಗೆ ಜೋಡಿಸಿದ ಮೊಬೈಲ್ ಪಕ್ಕದಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಆದಾಯ ತೆರಿಗೆ ಇಲಾಖೆಯ ಜಾಲತಾಣದ ಪಾಸ್‌ವರ್ಡ್ ಮರೆತಿದ್ದರೂ ಒಟಿಪಿಯಿಂದ ಲಾಗಿನ್ ಆಗಬಹುದು. ಮಳೆಗೆ ಕರೆಂಟ್ ಹೋದರೆ ಅದೇ ಮೊಬೈಲ್‌ನ ಹಾಟ್‌ಸ್ಪಾಟ್ ಸಾಕಾಗುತ್ತದೆ.

ಬಳಿಕ ಫಾರ್ಮ್ 26ಎಎಸ್ (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಇಲಾಖೆಯ ಬಳಿಯಿರುವ ನಿಮ್ಮ ಆದಾಯ, ವ್ಯವಹಾರಗಳ ವಿವರ) ಇಳಿಸಿಕೊಂಡು, ಅವನ್ನು ಕಂಪನಿ ಕೊಡುವ ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರವಾದ ಫಾರ್ಮ್ 16ರ ಜೊತೆ ತಾಳೆ ನೋಡಿ. ವರ್ಷದ ನಡುವೆ ಕಂಪನಿ ಬದಲಿಸಿದವರು, ನಮ್ಮ ಊರಿನಲ್ಲಿ ಅಂಥವರೇನು ಕಡಿಮೆಯೇ, ಇಲ್ಲಿ ಅವಸರ ಮಾಡಬಾರದು. ಹೊಸ ಕಂಪನಿಗೆ ಹಿಂದಿನ ಸಂಬಳದ ವಿವರ ಕೊಟ್ಟಿರದಿದ್ದರೆ, ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ಮತ್ತು ಕೆಳ ಹಂತದ ತೆರಿಗೆ ದರಗಳ ಲಾಭವನ್ನು ಎರಡೂ ಕಡೆ ಲೆಕ್ಕ ಹಾಕಿರುತ್ತಾರೆ. ಎರಡು ಫಾರ್ಮ್ 16 ಕೂಡಿಸಿದಾಗ ಕಟ್ಟಬೇಕಾದ ತೆರಿಗೆ ದಿಢೀರನೆ ಮೇಲೆದ್ದು ಬರುತ್ತದೆ. ಅದನ್ನು ಕೂಡಲೇ ಕಟ್ಟಿ. ಪಾವತಿಯ ವಿವರ ರಿಟರ್ನ್‌ನಲ್ಲಿ ತಾನಾಗಿ ಮೂಡದಿದ್ದರೆ, ಚಲನ್‌ನಲ್ಲಿರುವ ಏಳಂಕಿಯ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ), ದಿನಾಂಕ, ಕ್ರಮಸಂಖ್ಯೆ ಮತ್ತು ಮೊತ್ತವನ್ನು ಕೈಯಾರೆ ತುಂಬಬಹುದು.

ಉಳಿತಾಯ ಖಾತೆ ಮತ್ತು ಎಫ್‌ಡಿಯ ಬಡ್ಡಿಯನ್ನು ಬಿಡಬೇಡಿ. ಬಾಡಿಗೆ ರಸೀದಿಗಳಿಗಾಗಿ ಬೀರು ತಡಕಾಡುತ್ತ ರಾತ್ರಿ ಕಳೆಯುವುದು ಮಾತ್ರ ಬೇಡ, ಏಕೆಂದರೆ ಅವನ್ನು ರಿಟರ್ನ್‌ಗೆ ಲಗತ್ತಿಸಬೇಕಾಗಿಲ್ಲ. ಮುಂದೆ ಕೇಳಿದರೆ ತೋರಿಸಲು ಇರಬೇಕು, ಅಷ್ಟೆ. ಸಣ್ಣಪುಟ್ಟ ತಪ್ಪುಗಳನ್ನು ಆಮೇಲೆ ಪರಿಷ್ಕೃತ ರಿಟರ್ನ್‌ನಲ್ಲಿ ಸರಿಪಡಿಸಬಹುದಾದ್ದರಿಂದ, ಹನ್ನೊಂದು ಗಂಟೆಯ ಮೇಲೆ ಅನುಮಾನಿಸುತ್ತ ಕೂರದೆ ಸಲ್ಲಿಸಿಬಿಡುವುದೇ ಮೇಲು.

ಸಲ್ಲಿಸಿದ ರಿಟರ್ನ್ ಅನ್ನು ಆನ್‌ಲೈನ್‌ನಲ್ಲಿ ದೃಢೀಕರಿಸುವ ಇ-ವೆರಿಫಿಕೇಶನ್‌ನ ಒಟಿಪಿ ಬಾರದಿದ್ದರೆ ಗಾಬರಿ ಬೇಡ. 30 ದಿನಗಳೊಳಗೆ ದೃಢೀಕರಿಸಿದರೆ, ರಿಟರ್ನ್ ಅಪ್‌ಲೋಡ್ ಆದ ದಿನವೇ ಸಲ್ಲಿಕೆಯ ದಿನವೆನಿಸುತ್ತದೆ. ಅದರ ಬದಲು ಸಹಿ ಮಾಡಿದ ಐಟಿಆರ್-ವಿ (ರಿಟರ್ನ್ ದೃಢೀಕರಣ ಪತ್ರ) ಪ್ರತಿಯನ್ನು ಕಳುಹಿಸುವುದಾದರೆ ಅದು ಹೋಗಬೇಕಾದ ಕೇಂದ್ರ ಬೆಂಗಳೂರಿನಲ್ಲೇ ಇದೆ, ಪಿನ್ 560500. ಆದರೂ ಆ 30 ದಿನಗಳೊಳಗೆ ತಲುಪುವಂತೆ ಕಳುಹಿಸಬೇಕು.