ಕಥೆಯ ತುಣುಕಿನಲ್ಲಿ ತಂತ್ರ ಗುರುತಿಸುವ ಬಗೆ

ಕಥೆಯ ತುಣುಕು ಕೊಟ್ಟು, ಬರಹಗಾರ ಅರ್ಥ ಮೂಡಿಸಲು ಬಳಸಿದ ತಂತ್ರ ಯಾವುದು ಎಂದು ಕೇಳಿದರೆ, ಮೊದಲ ಸಲ ಸುಮ್ಮನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಬರೀ ಸುದ್ದಿ ಹೇಳಲು ಬೇಕಿಲ್ಲದ ಪದಗಳಿಗಷ್ಟೇ ಗೆರೆ ಎಳೆಯಿರಿ. ಕಾರವಾರದ ಬೈತಖೋಲ ಬಂದರಿನಲ್ಲಿ ನಡೆಯುವ ಕಥೆಯೊಂದರ ಈ ಸಾಲುಗಳನ್ನೇ ನೋಡಿ:

“ದೋಣಿಗಳೆಲ್ಲ ದಡ ಸೇರಿದ್ದವು. ಕಡಲು ಹಟಮಾರಿ ಮಗುವಿನಂತೆ ಕಲ್ಲಿಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಆಯಿ ಎರಡು ತಾಟು ಇಟ್ಟಳು. ಒಂದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟಳು.”

‘ಮಗುವಿನಂತೆ’ ಉಪಮೆ, ಅದು ಯಾರ ಕಣ್ಣಿಗೂ ತಪ್ಪುವುದಿಲ್ಲ. ನಿಜವಾದ ಕೆಲಸ ತಾಟಿನ ಹತ್ತಿರ ಇದೆ. ಯಾರೋ ಮರಳಿಲ್ಲ ಎಂದು ಕಥೆ ಎಲ್ಲೂ ಹೇಳಿಲ್ಲ, ಆದರೂ ನಮಗೆ ಗೊತ್ತಾಗುತ್ತದೆ: ಇದೇ ಧ್ವನಿ. ‘ಒರೆಸಿ’ ತೆಗೆದು ಓದಿ, ಆಯಿಯ ತಳಮಳ ಅರ್ಧ ಮಾಯ. ‘ಎಲ್ಲ’ ಎಂಬ ಪದವೂ ಚುಚ್ಚುತ್ತದೆ. ಎರಡನೇ ತಾಟಿನ ಎದುರು ಅದು ವೈದೃಶ್ಯ, ಅಂದರೆ ಒಂದಕ್ಕೊಂದು ವಿರುದ್ಧವಾದವನ್ನು ಎದುರುಬದುರು ಇಡುವುದು.

ತಾಟನ್ನು ಕೂಡಲೇ ‘ಸಂಕೇತ’ ಎನ್ನುವುದು ಸಾಮಾನ್ಯ ತಪ್ಪು. ಕಥೆಯಲ್ಲಿ ಅದು ಮತ್ತೆ ಮತ್ತೆ ಬಂದು ಅರ್ಥ ಬೆಳೆಸಿಕೊಂಡರೆ ಮಾತ್ರ ಹಾಗೆನ್ನಿ. ನಿರೂಪಕ ಆಯಿಯ ಮನಸ್ಸಿನೊಳಗೆ ಹೋಗಿಲ್ಲ, ಕೈಯನ್ನಷ್ಟೇ ನೋಡಿದ್ದಾನೆ, ದೃಷ್ಟಿಕೋನ ಹೊರಗಿನದು.

ಉತ್ತರದಲ್ಲಿ ತಂತ್ರದ ಹೆಸರು, ಅದಿರುವ ಪದ, ಅದರ ಪರಿಣಾಮ ಮೂರನ್ನೂ ಒಂದೇ ವಾಕ್ಯದಲ್ಲಿ ಬರೆಯಿರಿ. ‘ಉಪಮೆ ಇದೆ’ ಎಂದಷ್ಟೇ ಬರೆದರೆ ಸಾಲದು.